ಟೈರುಗಳು ಕಪ್ಪಾದರೂ ತಾವು ಬೆಳ್ಳಗೇ ಉಳಿದ ಬಗ್ಗೆ

ಮಾನ್ಯ ಟೈರಪ್ಪನವರೇ,

ಬಿಳಿ ಟೈರುಗಳನ್ನು ಒಂದರ ಮೇಲೊಂದು ಪೇರಿಸಿದಂತಿರುವ ತಮ್ಮ ದುಂಡು ದೇಹಕ್ಕೂ, ಎಂಥ ಬಿಸಿಲಿಗೂ ಬಾಡದ ತಮ್ಮ ನಗುವಿಗೂ, ತಮ್ಮನ್ನು ಒಗೆದು ಒಣಗಿಸುವವಳ ನಮಸ್ಕಾರಗಳು. ಟೈರಂಗಡಿಯಲ್ಲಿ ಚಕ್ರ ಬಿಚ್ಚಿ ಜೋಡಿಸುವ ನನ್ನ ಯಜಮಾನರು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಟೈರು ಕಂಪನಿಯ ಜಾಹೀರಾತು ಗೊಂಬೆಯಾದ ತಮ್ಮ ವೇಷ ತೊಟ್ಟು ರಸ್ತೆಬದಿಯಲ್ಲಿ ಕೈ ಬೀಸುತ್ತಾರೆ. ತೊಟ್ಟವರ ಮನೆಯವರೇ ಅದನ್ನು ಒಗೆದು ಕಳಿಸಬೇಕೆಂಬುದು ಕಂಪನಿಯ ಘನ ನಿಯಮ.

ಅಂಗಡಿಯ ಗೋಡೆಯ ಮೇಲಿರುವ ತಮ್ಮ ಚರಿತ್ರೆಯನ್ನು ಭಕ್ತಿಯಿಂದ ಓದಿದ್ದೇನೆ. ತಾವು ಹುಟ್ಟಿದ ಕಾಲಕ್ಕೆ ಟೈರುಗಳೂ ಬೆಳ್ಳಗೇ ಇದ್ದವಂತೆ; ಬೇಗ ಸವೆಯುತ್ತವೆಂದು ಆಮೇಲೆ ರಬ್ಬರಿಗೆ ಮಸಿ ಬೆರೆಸಿದರಂತೆ, ಬಾಳಿಕೆ ಹೆಚ್ಚಿತಂತೆ. ಮಸಿ ಬಳಿಸಿಕೊಂಡು ಮರ್ಯಾದೆ ಹೆಚ್ಚಿಸಿಕೊಂಡದ್ದು ಈ ಲೋಕದಲ್ಲಿ ಟೈರೊಂದೇ ಇರಬೇಕು. ಬಂಧುಬಳಗವೆಲ್ಲ ಕಪ್ಪಾಗಿ ರಸ್ತೆಗಿಳಿದು ಸವೆಯುತ್ತಿರುವಾಗ, ನೆಂಟರ ಮನೆಗೆ ಹೊರಟವರಂತೆ ತಾವೊಬ್ಬರೇ ಬೆಳ್ಳಗೆ ಉಳಿದ ಜಾಣತನವನ್ನು ಎಷ್ಟು ಹೊಗಳಿದರೂ ಸಾಲದು.

ತೊಂದರೆ ಇಷ್ಟೇ. ಟೈರು ಮುಟ್ಟಿದ ಕೈಯಲ್ಲೇ ತಮ್ಮನ್ನು ತೊಡಬೇಕಾದ್ದರಿಂದ, ತಮ್ಮ ಹೊಟ್ಟೆಯ ಮೇಲೆ ಐದೂ ಬೆರಳು ಮೂಡುತ್ತವೆ. ಕಲೆ ಹೋಗಲೆಂದು ಕಳೆದ ತಿಂಗಳು ನಾನು ನೀಲಿ ತುಸು ಹೆಚ್ಚೇ ಹಾಕಿಬಿಟ್ಟೆ. ತಾವು ಆಕಾಶದ ಬಣ್ಣ ತಳೆದು ಅಂಗಡಿಗೆ ಹೋದಿರಿ. ರಸ್ತೆಯ ಮಕ್ಕಳು ಕುಣಿದಾಡಿದರು. ಪರಿಶೀಲನೆಗೆ ಬಂದ ಮೇಲಧಿಕಾರಿ ಮಾತ್ರ ನನ್ನ ಯಜಮಾನರಿಗೆ, “ಇನ್ನೊಂದ್ಸಲ ಬಣ್ಣ ಕೆಟ್ರೆ ನೀನು ಕೆಲಸಕ್ಕೆ ಬರೋದೇ ಬೇಡ” ಎಂದರು. ಅಂದಿನಿಂದ ಇವರು ವೇಷ ತೊಡುವ ಮುಂಚೆ ಸೀಮೆಎಣ್ಣೆಯಲ್ಲಿ ಕೈ ಉಜ್ಜಿ ಉಜ್ಜಿ ಚರ್ಮವೆಲ್ಲ ಬಿರಿದಿದೆ. ಮಗಳು ಕೆನ್ನೆ ಮುಟ್ಟಗೊಡುವುದಿಲ್ಲ, ಅಪ್ಪನ ಕೈ ಚುಚ್ಚುತ್ತದಂತೆ. ಅವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಆದ್ದರಿಂದ, ಮಹನೀಯರೇ, ತಾವು ಗೋಡೆಯ ಚಿತ್ರದಿಂದ ಇಳಿದು ಬಂದು, ನಮ್ಮ ಬಚ್ಚಲ ಕಲ್ಲಿನ ಮೇಲೆ ಕುಳಿತು, ತಮ್ಮ ಹೊಟ್ಟೆಯನ್ನು ತಾವೇ ಉಜ್ಜಿಕೊಳ್ಳುವ ಕೃಪೆ ಮಾಡಬೇಕು. ಅದಾಗದಿದ್ದರೆ, ಟೈರುಗಳು ಎಂದೋ ನುಂಗಿದ ಮಸಿಯಲ್ಲಿ ತಮ್ಮ ಪಾಲನ್ನು ಈಗಲಾದರೂ ನುಂಗಬೇಕಾಗಿ ವಿನಂತಿ.

ಸೋಪು ಮುಗಿದರೂ ಸಹನೆ ಮುಗಿಯದೆಂದು ನಂಬಿದ್ದ,
ತಮ್ಮ ವಿಶ್ವಾಸಿ,
ಟೈರ್ ಫಿಟ್ಟರ್‌ನ ಹೆಂಡತಿ

ಮರೆತ ಮಾತು: ನಾಳೆ ಮೇಲಧಿಕಾರಿ ಮತ್ತೆ ಬರುವುದರಿಂದ ತಮ್ಮ ಉತ್ತರಕ್ಕೆ ಕಾಯಲು ಪುರುಸೊತ್ತಿಲ್ಲ. ಕಪ್ಪು ಬಣ್ಣ ಕದಡಿದ ಹಂಡೆಯಲ್ಲಿ ತಮ್ಮನ್ನು ಈಗಾಗಲೇ ಮುಳುಗಿಸಿದ್ದೇನೆ. ಕೆಲಸ ಹೋದರೇನು ಗತಿ ಎಂದು ಯಜಮಾನರನ್ನು ಕೇಳಿದೆ. ಹಂಡೆಯೊಳಗೆ ಇಣುಕಿ ನೋಡಿ, “ಹೋದ್ರೆ ಹೋಗ್ಲಿ, ಇನ್ನೊಂದು ಪೊಟ್ಟಣ ಹಾಕು” ಎಂದರು.