ಎಳೆದವರು ಯಾರು, ಬಿಟ್ಟವರು ಯಾರು

ಕೈಯಿಂದ ಮಾಡುವ ಕೆಲಸವನ್ನು ಪರದೆಯ ಮೇಲೂ ಕೈಯಿಂದಲೇ ಮಾಡಿ ಎಂದರೆ, ಜನ ಅದಕ್ಕೂ ಅರ್ಜಿ ಫಾರಂ ಕೇಳುತ್ತಾರೆ. ವಾಳೂಜಿನ ಕೈಗಾರಿಕಾ ಪ್ರದೇಶದಲ್ಲಿ ನನಗೆ ಇದು ಪದೇಪದೇ ಆಯಿತು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಯಾವ ಯಂತ್ರಕ್ಕೆ ಯಾವ ಕೆಲಸ ಎಂಬುದನ್ನು ಗೋಡೆಯ ಹಲಗೆಗೆ ತಗಡಿನ ಬಿಲ್ಲೆ ತೂಗುಹಾಕಿ ತೋರಿಸುತ್ತಿದ್ದರು. ಆ ಬಿಲ್ಲೆಗಳನ್ನು ನಾನು ಪರದೆಗೆ ತಂದೆ. ಮೌಸಿನಿಂದ ಎಳೆದು ಯಂತ್ರದ ಚಿತ್ರದ ಮೇಲೆ ಬಿಟ್ಟರೆ ಮುಗಿಯಿತು. "ಸರಿಯಾಗಿದೆ" ಎಂದು ಕಾರ್ಖಾನೆ ಬರೆದುಕೊಟ್ಟರೆ ಮಾತ್ರ ನಮ್ಮ ಸಾಫ್ಟ್‌ವೇರ್ ಕಂಪನಿಯ ನಾಶಿಕ್ ಆಫೀಸು ನನ್ನನ್ನು ಖಾಯಂ ಮಾಡುವುದಿತ್ತು.

೧. ಬಿಡದ ಬೆರಳು

ಮೊದಲ ದಿನವೇ ವಿಜಾಪುರ ಕಡೆಯ ಫೋರ್‌ಮನ್ ಹೇಳಿಕಳಿಸಿದರು. ಹೋದೆ. ಬಿಲ್ಲೆ ಯಂತ್ರದ ಮೇಲೇ ಇತ್ತು. ಅವರ ಬೆರಳು ಮೌಸನ್ನು ಒತ್ತಿ ಹಿಡಿದಿತ್ತು.

"ಬಿಡ್ರಿ," ಎಂದೆ.

"ಹೆಂಗ ಬಿಡ್ಲಿ? ಮ್ಯಾನೇಜರ್ ಸಾಹೇಬರ ಸಹಿ ಆಗಿಲ್ಲ."

"ಸಾಹೇಬರು ಎಲ್ಲಿ?"

"ನಾಶಿಕಕ್ಕ ಹೋಗ್ಯಾರ. ಸಂಜಿಗೆ ಬರ್ತಾರ."

ಎಡಗೈಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು.

೨. ಹಿಂದಕ್ಕೆ

ಪ್ರತಿ ಎಳೆತವನ್ನೂ ಎಳೆದವರ ಹೆಸರಿನೊಂದಿಗೆ ಬೇರೆಬೇರೆಯಾಗಿ ಬರೆದಿಡುವಂತೆ ಮಾಡಿದ್ದೆ. 'ಹಿಂದಕ್ಕೆ' ಬಟನ್ ಒತ್ತಿದರೆ ಕೊನೆಯದು ರದ್ದಾಗುತ್ತಿತ್ತು. ನನಗೆ ಹೆಮ್ಮೆಯಿದ್ದದ್ದು ಇದೊಂದರ ಮೇಲೆ.

ಮ್ಯಾನೇಜರ್ ನೋಡಿ ಹೇಳಿದರು: "ತಪ್ಪು ಮಾಡುವವರಿಗೆ ಇದು ಬೇಕು. ನಮ್ಮಲ್ಲಿ ತಪ್ಪಾಗುವುದಿಲ್ಲ. ತೆಗೆಯಿರಿ."

ತೆಗೆದೆ. ಮಧ್ಯಾಹ್ನ ಅವರದೇ ಫೋನು: "ಬಟನ್ ತೆಗೆಸಿದೆನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾವ ಬಟನ್?"

೩. ದೆವ್ವ

ದಿನದ ಕೆಲಸದ ಯೋಜನೆ ಒಂದೇ, ಪರದೆ ಎರಡು: ಒಂದು ಫೋರ್‌ಮನ್ ಬಳಿ, ಇನ್ನೊಂದು ಗೋಡೆಯಾಚೆ ಮ್ಯಾನೇಜರ್ ಬಳಿ. ಒಂದರಲ್ಲಿ ಎಳೆದರೆ ಎರಡರಲ್ಲೂ ಬದಲಾಗಬೇಕು. ಹಾಗೆಯೇ ಕಟ್ಟಿದ್ದೆ.

ವಾರದೊಳಗೆ ಇಬ್ಬರಿಂದಲೂ ಲಿಖಿತ ದೂರು. ಮೂರನೇ ಯಂತ್ರಕ್ಕೆ ಹಾಕಿದ ಬಿಲ್ಲೆ ತಾನಾಗಿ ಐದಕ್ಕೆ ಹೋಗುತ್ತದೆ ಎಂದು ಫೋರ್‌ಮನ್. ಐದಕ್ಕೆ ಹಾಕಿದ್ದು ಮೂರಕ್ಕೆ ಓಡುತ್ತದೆ ಎಂದು ಮ್ಯಾನೇಜರ್. ನನ್ನ ಖಾಯಂ ಪತ್ರ ನಾಶಿಕಿನಲ್ಲೇ ನಿಂತಿತು.

ಸಿಟ್ಟು ಬಂತು. ಇಬ್ಬರನ್ನೂ ಕೂರಿಸಿ ಎಳೆತಗಳ ಪಟ್ಟಿ ಓದಿದೆ. ಫೋರ್‌ಮನ್, ಮ್ಯಾನೇಜರ್, ಫೋರ್‌ಮನ್, ಮ್ಯಾನೇಜರ್. ಒಂದೇ ಬಿಲ್ಲೆ, ಒಂದೇ ಬೆಳಿಗ್ಗೆ, ನಲವತ್ತೊಂದು ಸಲ.

ಆಮೇಲೆ ಇಬ್ಬರೂ ಒಂದಾದರು.

"ಯಾರು ಬೇಕಾದರೂ ಎಳೆಯುವ ಹಾಗೆ ಮಾಡಿದ್ದು ಯಾರು?" ಎಂದರು ಮ್ಯಾನೇಜರ್.

"ಇವರಽ ನೋಡ್ರಿ," ಎಂದರು ಫೋರ್‌ಮನ್.

ಮರುದಿನ ತಗಡಿನ ಬಿಲ್ಲೆಗಳ ಹಲಗೆ ಗೋಡೆಗೆ ಮರಳಿತು. ಕಾರ್ಖಾನೆ ಬರೆದುಕೊಟ್ಟಿತು: ಸಾಫ್ಟ್‌ವೇರ್ ಸರಿಯಾಗಿದೆ, ಆದರೆ ಪರದೆಯ ಬಿಲ್ಲೆಯನ್ನು ಅದನ್ನು ಮಾಡಿದವರೇ ಎಳೆಯತಕ್ಕದ್ದು.

ನಾನು ಖಾಯಂ ಆದೆ, ವಾಳೂಜಿನಲ್ಲೇ. ದಿನಾ ಬೆಳಿಗ್ಗೆ ತಗಡು ನೋಡುವುದು, ಪರದೆಯಲ್ಲಿ ಎಳೆಯುವುದು. ಮೊದಲ ದಿನ ಬಿಡಲು ಹೊರಟಾಗ ಫೋರ್‌ಮನ್ ಕೈ ಅಡ್ಡ ತಂದರು.

"ತಡೀರಿ. ಸಾಹೇಬರು ನಾಶಿಕಕ್ಕ ಹೋಗ್ಯಾರ."

ಚಹಾದ ಲೋಟವನ್ನು ಅವರೇ ನನ್ನ ಎಡಗೈಗೆ ಕೊಟ್ಟರು.