ಬೋಟ ಕೇಳಿದರೆ ಬ್ಯಾಂಡೇಜು ಬಂದ ಕುರಿತು

ಇಟ್ಟಿಗೆಗಳ ಮೇಲೆ ವಿರಾಜಮಾನರಾದ ಶ್ರೀಮಾನ್ ರಕ್ಷಣಾ ಬೋಟಿನವರಿಗೆ,
ಕಚೇರಿಯ ಹಿಂಬದಿ, ಹುಣಸೆಮರದ ಕೆಳಗೆ, ಬೆಳಗಾವಿ.

ಮಾನ್ಯರೇ,

ಖಾನಾಪುರ ತಾಲ್ಲೂಕಿನ ಹೊಳೆದಂಡೆಯ ನಮ್ಮ ಊರಿನ ಸಮಸ್ತರ ಪರವಾಗಿ ತಮಗೆ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೇ? ತಾಡಪತ್ರಿ ಬೆಚ್ಚಗಿದೆಯೇ? ಈ ಮಳೆಗಾಲದಲ್ಲಿ ತಮ್ಮ ಮೈಗೆ ಒಂದು ಹನಿ ನೀರೂ ತಾಗಲಿಲ್ಲವೆಂದು ಕೇಳಿ ನಮಗೆ ಬಹಳ ಸಮಾಧಾನವಾಯಿತು. ನಮಗೆ ಎದೆಮಟ್ಟ ತಾಗಿತ್ತು.

ಮಲಪ್ರಭೆ ಉಕ್ಕಿದ ದಿನ ನನ್ನ ಸೋದರತ್ತೆ ತಾರಾಬಾಯಿ ಹೊಲದ ಮನೆಯ ಮಾಳಿಗೆಯ ಮೇಲೆ ಒಬ್ಬರೇ ಸಿಕ್ಕಿಬಿದ್ದರು. ನಾವು ಜೈನರು. ಎಂಬತ್ತು ದಾಟಿದ ಅತ್ತೆ ನೀರೂ ಮುಟ್ಟದ ಉಪವಾಸ ಮುಗಿಸಿದ್ದರು, ಅಂದು ಪಾರಣೆ ಮಾಡಬೇಕಿತ್ತು. ಸೋಸಿ ಕಾಸಿದ ನೀರಲ್ಲದೆ ಬೇರೆ ನೀರು ಕುಡಿಯುವವರಲ್ಲ, ಹೊತ್ತು ಮುಳುಗಿದ ಮೇಲೆ ಅದನ್ನೂ ಕುಡಿಯುವವರಲ್ಲ. ಒಲೆ ಅಡುಗೆಮನೆಯಲ್ಲಿತ್ತು, ಅಡುಗೆಮನೆ ಹೊಳೆಯಲ್ಲಿತ್ತು. ಸಂಜೆಯೊಳಗೆ ಅವರು ದಡ ಸೇರದಿದ್ದರೆ ಇನ್ನೊಂದು ರಾತ್ರಿ ಆ ಜೀವ ತಾಳದೆಂದು ದಂಡೆಯ ಮೇಲೆ ನಿಂತ ಎಲ್ಲರಿಗೂ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. "ಧನ್ಯಾ, ಹೊತ್ತ ಮುಳಗಾಕ ಹತ್ತೇತ್ಯೋ! ನಾ ಮುಳಗೂದು ಆಮ್ಯಾಲೆ ನೋಡಾಕ ಬರತೈತಿ!" ಎಂದು ಮಾಳಿಗೆಯಿಂದ ನನ್ನನ್ನು ಕೂಗುತ್ತಿದ್ದರು.

ತಮ್ಮನ್ನು ಕರೆಯಲು ನೆರೆಮನೆಯ ಲಕ್ಷ್ಮಪ್ಪ ಫೋನು ಹಚ್ಚಿದ. ಅವನ ಮನೆಮಾತು ಮರಾಠಿ. ತಮ್ಮ ಕಚೇರಿಯಲ್ಲಿ ಫೋನು ಎತ್ತಿದ ಅಕ್ಕನವರದೂ ಅದೇ, ಮಾತಾಡಿದ್ದು ಮಾತ್ರ ಕನ್ನಡ. ಮರಾಠಿಯಲ್ಲಿ ಬೋಟ ಎಂದರೆ ದೋಣಿಯೂ ಹೌದು, ಕೈಬೆರಳೂ ಹೌದು ಎಂಬುದು ತಮಗೆ ತಿಳಿಯದ್ದಲ್ಲ. ಮಳೆಗೆ ಗುರುಗುಟ್ಟುತ್ತಿದ್ದ ಫೋನಿನಲ್ಲಿ ಅಕ್ಕನವರಿಗೆ ಕೇಳಿಸಿದ್ದು 'ಅಜ್ಜಿ', 'ಸಿಕ್ಕೊಂಡ', 'ಬೋಟ' ಎಂಬ ಮೂರೇ ಮಾತು. ಬಾಗಿಲ ಸಂದಿಯಲ್ಲಿ ಯಾರದೋ ಅಜ್ಜಿಯ ಬೆರಳು ಸಿಕ್ಕಿತೆಂದು ತಿಳಿದ ಆ ಪುಣ್ಯಾತ್ಮರು, "ಯಾವ್ದರೀ, ಎಡಕಿಂದೋ ಬಲಕಿಂದೋ?" ಎಂದು ಕೇಳಿದರು. ಲಕ್ಷ್ಮಪ್ಪ, "ಎಡಕಿಂದ ಬರ್ರಿ ಬಾಯಾರ, ಬಲಕ್ಕ ಸೆಳತ ಭಾಳ ಐತಿ!" ಎಂದ. "ಸೆಳತ ಐತಿ ಅಂದ್ರ ನೀರಾಗ ಇಳಸಬ್ಯಾಡ್ರಿ ಮತ್ತ. ಅರಿವಿ ಸುತ್ತಿ ಎತ್ತರಕ್ಕ ಇಡ್ರಿ, ಮಂದಿ ಕಳಸ್ತೀವಿ" ಎಂದು ಅಕ್ಕನವರು ಧೈರ್ಯ ಹೇಳಿದರು.

ಮಂದಿ ಬಂದರು. ಪಕ್ಕದೂರಿನ ಆಸ್ಪತ್ರೆಯ ನರ್ಸ್ ಬಾಳವ್ವನವರು ಯಾರದೋ ಗಾಡಿಯ ಹಿಂದೆ ಕುಳಿತು, ಮಳೆಯಲ್ಲಿ ತೊಯ್ದು ತಪ್ಪಡಿಯಾಗಿ, ಒಂದು ಬ್ಯಾಂಡೇಜು ಹಿಡಿದುಕೊಂಡು ದಂಡೆಗೆ ಬಂದು, "ಬೋಟ ಎಲ್ಲೈತ್ರಿ?" ಎಂದು ನಮ್ಮನ್ನೇ ಕೇಳಿದರು.

ಮತ್ತೆ ಫೋನು ಮಾಡಿ ದೋಣಿಯೆಂದು ಬಿಡಿಸಿ ಹೇಳಿದಾಗ, ಬೆಳಗಾವಿ ರಸ್ತೆಯ ಮೇಲೆ ನೀರು ಬಂದಿರುವುದರಿಂದ ದೋಣಿ ಬರಲಾಗದೆಂದು ತಿಳಿಯಿತು. ಆಗಲೇ ನನಗೆ ಅರ್ಥವಾಯಿತು. ನೀರಿಗಿಳಿಸಬೇಡಿ, ಅರಿವೆ ಸುತ್ತಿ ಎತ್ತರಕ್ಕಿಡಿ ಎಂಬ ಸಲಹೆ ಬೆರಳಿಗಾಗಿ ಹುಟ್ಟಿದ್ದಲ್ಲ. ಇಷ್ಟು ವರ್ಷ ತಮ್ಮನ್ನು ಸಾಕಿದ್ದೇ ಆ ಸೂತ್ರದ ಮೇಲೆ.

ಕೊನೆಗೆ ಗಾಣದ ಸನಾಉಲ್ಲಾ ಕಾಕಾ ತಮ್ಮ ಬೆಲ್ಲದ ಕಡಾಯಿಯನ್ನು ಉರುಳಿಸಿಕೊಂಡು ಬಂದರು. ಅದಕ್ಕೆ ತಳದಲ್ಲಿ ಒಂದು ತೂತಿತ್ತು. ಅದರ ಕಿವಿಗೆ ಹಗ್ಗ ಕಟ್ಟಿ ನೀರಿಗಿಳಿಸಿದೆವು. ಕಾಕಾ ಅದರೊಳಗೆ ಕುಕ್ಕರಗಾಲಲ್ಲಿ ಕೂತು, ತೂತಿಗೆ ಬೆರಳು ಜಡಿದು, "ಹೂಂ, ಹಗ್ಗಾ ಬಿಡ್ರಿ" ಎಂದರು. ಲಕ್ಷ್ಮಪ್ಪ ಜೊತೆಗೆ ಹತ್ತಿ ಬಿದಿರಿನ ಗಳ ಹಾಕಿದ. ಕಡಾಯಿ ಬುಗುರಿಯಂತೆ ತಿರುಗುತ್ತ ಮಾಳಿಗೆ ಮುಟ್ಟಿತು. ಅಲ್ಲಿ ಅತ್ತೆ ಕಾಲೆತ್ತಿ ಇಡುವ ಮೊದಲು, "ಸನಾಉಲ್ಲಾ, ಇದರಾಗ ಉಳ್ಳಾಗಡ್ಡಿ ಗಿಳ್ಳಾಗಡ್ಡಿ ಬೇಯಿಸಿಲ್ಲ ಹೌದಿಲ್ಲೋ?" ಎಂದು ವಿಚಾರಿಸಿದರು. "ಬೆಲ್ಲಾ ಅಷ್ಟ ರೀ ಅಜ್ಜಿ, ಲಗೂ ಏರ್ರಿ, ತೂತಿನ್ಯಾಗ ನನ್ನ ಬೆರಳ ಹರಿಯಾಕ ಹತ್ತೇತಿ" ಎಂದರು ಕಾಕಾ. ದಂಡೆಗೆ ಬಂದು, ಬಿಸಿನೀರಿನ ಮೊದಲ ಗುಟುಕು ಅತ್ತೆಯ ಗಂಟಲಿಗೆ ಇಳಿದಾಗ ಹೊತ್ತು ಇನ್ನೂ ಗುಡ್ಡದ ಮೇಲೆ ಒಂದು ಗೇಣಿತ್ತು.

ಮಾನ್ಯರೇ, ಕಡಲ ದಂಡೆಯಲ್ಲಿರುವ ತಮ್ಮ ಬಂಧುಗಳು ಹಗಲೂ ರಾತ್ರಿ ಮೂತಿಯನ್ನು ನೀರಿನ ಕಡೆಗೇ ಮಾಡಿ ನಿಂತಿರುತ್ತಾರಂತೆ. ಅಷ್ಟು ಕಷ್ಟ ತಮಗೆ ಬೇಡ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ನಮ್ಮ ಹೊಳೆಗೆ ಬನ್ನಿ, ಮೊಣಕಾಲುದ್ದ ನೀರಿರುತ್ತದೆ, ಕಾಲು ತೊಳೆದುಕೊಳ್ಳಿ. ಈಜು ಕಲಿಯುವ ಮನಸ್ಸಿದ್ದರೆ ನಮ್ಮ ಎಮ್ಮೆಗಳು ಕಲಿಸುತ್ತವೆ. ಅದೂ ಆಗದಿದ್ದರೆ ಮಳೆರಾಯನಿಗೆ ಒಂದು ಮಾತು ಹೇಳಿ, ಮುಂದಿನ ಸಲ ನಮ್ಮನ್ನು ಮುಳುಗಿಸುವಾಗ ಬೆಳಗಾವಿ ರಸ್ತೆಯನ್ನು ಮಾತ್ರ ಒಣಗಿಸಿಡಲು ಕೇಳಿಕೊಳ್ಳಿ.

ತಮ್ಮ ದಾರಿ ಕಾಯುತ್ತಲೇ ಬೇರೆ ದಾರಿಯಲ್ಲಿ ದಡ ಸೇರಿದವರ ಪೈಕಿ,
ತಮ್ಮ ವಿಶ್ವಾಸಿ,
ಧನಪಾಲ

ತಾ.ಕ.: ನೀರಿಳಿದ ಮೇಲೆ, ದಾರಿಯ ಮಚ್ಛೆ ಊರಿನಲ್ಲಿ ತಮ್ಮನ್ನು ಹೊತ್ತ ಟ್ರೇಲರಿನ ಗಾಲಿಯ ಪಂಕ್ಚರ್ ತೆಗೆಸಿಕೊಂಡು, ತಾವು ನಮ್ಮೂರಿಗೆ ದಯಮಾಡಿಸಿದ್ದನ್ನು ಮರೆತಿಲ್ಲ. ತಮ್ಮ ಜೊತೆ ಬಂದ ಸಾಹೇಬರು ತಮಗೆ ಹಾರ ಹಾಕಿ, "ಬೋಟಿನಿಂದಲೇ ಒಬ್ಬ ಅಜ್ಜಿಯ ಜೀವ ಉಳಿದಿದೆ" ಎಂದು ಭಾಷಣ ಮಾಡಿದರು. ಸುಳ್ಳು ಹೇಳಿದರೆಂದು ನಾನು ಎದ್ದು ನಿಲ್ಲುವುದರೊಳಗೆ, ಸನಾಉಲ್ಲಾ ಕಾಕಾ ಹಿಂದಿನ ಸಾಲಿನಿಂದ ಕೈ ಎತ್ತಿ, ಬಾಳವ್ವನವರ ಬ್ಯಾಂಡೇಜು ಸುತ್ತಿದ ಬೆರಳು ತೋರಿಸಿ, "ಖರೇ ಐತ್ರೀ ಸಾಹೇಬ್ರ. ಇದ ನೋಡ್ರಿ ಆ ಬೋಟ" ಎಂದರು.