ಎರಡು ಬಾಣದ ಏರು

ನಮ್ಮ ಯಜಮಾನರು ಅರ್ಧ ಇಂಗ್ಲೆಂಡನ್ನು ಸೈಕಲ್ ಮೇಲೆ ಸುತ್ತಿದವರು. ಅದೂ ಬೈಲಹೊಂಗಲ, ಸವದತ್ತಿ ತಾಲೂಕು ದಾಟದೆ! ನಗಬೇಡಿ. ನಗುವುದಾದರೂ ಸ್ವಲ್ಪ ತಡೆದು ನಗಿ. ನಾವೆಲ್ಲ ಅವಸರ ಮಾಡಿ ನಕ್ಕೆವು.

ಆ ಬುಧವಾರ ಸಂಜೆ ನಾಲ್ಕಕ್ಕೆ ಅವರು ಓಣಿಯ ಬಾಯಿಂದ ಸೈಕಲ್ ನೂಕುತ್ತ ಬಂದರು. ನಮ್ಮ ಓಣಿ ಅಂಗೈಯಷ್ಟು ಸಪಾಟು. ಎದುರು ಕಟ್ಟೆಯ ಮೇಲೆ ಮಿಷನ್ ಇಟ್ಟುಕೊಂಡು ಅರಿವೆ ಹೊಲಿಯುವ ಟೇಲರ್ ತಲೆಯೆತ್ತಿ ಕೂಗಿದ.

"ಏನ್ರಿ ಸಾಹೇಬ್ರ, ಇಲ್ಲೂ ಬಾಣಾ ಐತೇನ್ರಿ?"

ಓಣಿ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ನಾನೂ ನಕ್ಕೆ. ಯಾಕೆ ನಕ್ಕೆವು ಎಂಬುದು ನಿಮಗೆ ತಿಳಿಯಬೇಕಾದರೆ ಆ ಬಾಣದ ಸಂಗತಿ ಹೇಳಬೇಕು.

ನಮ್ಮದು ಪೂಜೆ ಪುರಾಣದ ಮನೆತನ. ಅಜ್ಜನ ಕೈಯಲ್ಲಿ ಪುರಾಣವಿತ್ತು, ಮೊಮ್ಮಗನ ಕೈಗೆ ಸೂಜಿ ಬಂತು! ಅವರಿಗೆ ಮಲೇರಿಯಾ ಖಾತೆಯಲ್ಲಿ ಕೆಲಸ ಸಿಕ್ಕಿತು. ಹದಿನೈದು ದಿನಕ್ಕೊಮ್ಮೆ ಹಳ್ಳಿಹಳ್ಳಿಯ ಮನೆಮನೆಗೆ ಸೈಕಲ್ ಮೇಲೆ ಹೋಗಬೇಕು. ಯಾರಿಗಾದರೂ ಜ್ವರ ಬಂದಿದೆಯೇ ಎಂದು ಕೇಳಬೇಕು. ಬಂದಿದ್ದರೆ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಹಚ್ಚಿಕೊಂಡು ನಾಲ್ಕು ಗುಳಿಗೆ ನುಂಗಿಸಬೇಕು. ಆಮೇಲೆ ಬಾಗಿಲ ಪಕ್ಕದ ಗೋಡೆಯ ಚೌಕದಲ್ಲಿ ತಾರೀಖು ಬರೆದು ಸಹಿ ಹಾಕಬೇಕು. ದಿನವೂ ಅದೇ ದಾರಿ, ಅದೇ ಪ್ರಶ್ನೆ. ಬೇರೆಯವರಾಗಿದ್ದರೆ ಬೇಸತ್ತು ವರ್ಗ ಮಾಡಿಸಿಕೊಳ್ಳುತ್ತಿದ್ದರು. ಇವರು ಇಂಗ್ಲೆಂಡಿಗೆ ಹೋದರು.

ಹೋದದ್ದು ಬೆಳಗಾವಿಯ ಒಂದು ರದ್ದಿ ಅಂಗಡಿಯಿಂದ. ಅಲ್ಲಿ ಅವರಿಗೆ ರಟ್ಟು ಹರಿದ, ಹೆಸರೇ ಉಳಿಯದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸ ಮಾಡುವವರಿಗೆ ದಾರಿ ತೋರಿಸುವ ಪುಸ್ತಕ. ಇಂಥ ಚರ್ಚಿನ ಬಳಿ ಎಡಕ್ಕೆ ಹೊರಳಿ, ಮುಂದೆ ಏರು, ಮೇಲಿಂದ ನೋಟ ಚೆಂದ, ಕೆಳಗಿನ ಮನೆಯಲ್ಲಿ ಚಹಾ ಸಿಗುತ್ತದೆ, ಹೀಗೆ. ಸಾದಾ ಏರಿಗೆ ಒಂದು ಬಾಣದ ಗುರುತು, ಕಡಿದಾದ ಏರಿಗೆ ಎರಡು. ಎರಡು ಬಾಣ ಇದ್ದಲ್ಲಿ ಸವಾರ ಇಳಿದು ಸೈಕಲ್ ನೂಕಬೇಕು.

ಡಿಕ್ಷನರಿ ಹಿಡಿದು ಒಂದು ಮಳೆಗಾಲವಿಡೀ ಓದಿದರು. ಓದಿ ಮುಗಿಸಿ ನನ್ನನ್ನು ಕರೆದರು.

"ನೋಡ ಇಲ್ಲೆ, ಅಲ್ಲಿ ನೆಲಾ ಏರತದ, ಇಳೀತದ, ಮತ್ತ ಏರತದ. ಥೇಟ್ ನಮ್ಮ ಎರಿ ಹೊಲದ್ಹಂಗ. ನಡುವ ಸಮುದ್ರ ಒಂದ ಅಡ್ಡ ಬಂದದ, ಅಷ್ಟ."

ಅಂದಿನಿಂದ ಪುಸ್ತಕದ ಒಂದೊಂದು ಸವಾರಿಯನ್ನೂ ತಮ್ಮ ಹಳ್ಳಿಗಳ ದಾರಿಯ ಮೇಲೆ ಹಾಸಿಕೊಂಡರು. ಮುರಗೋಡದ ಮಠ ಚರ್ಚಾಯಿತು. ದಾರಿಯ ಖಾನಾವಳಿ ಇಂಗ್ಲಿಷರ ಸರಾಯಿ ಅಂಗಡಿಯಾಯಿತು. ಸದ್ಯ, ಅಲ್ಲಿ ಸಿಗುತ್ತಿದ್ದದ್ದು ಮಜ್ಜಿಗೆ. ಪುಸ್ತಕದ ಮೂರನೆಯ ಮೈಲಿಗೆ ಎರಡು ಬಾಣವಿದ್ದರೆ ಮುರಗೋಡದ ದಾರಿಯ ಮೂರನೆಯ ಮೈಲಿಗೂ ಇಳಿದು ನೂಕುವುದೇ. ಅಲ್ಲಿ ಏರಿರಲಿ, ಇಳಿಜಾರಿರಲಿ! ಒಮ್ಮೆ ಹೊಲದ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುತ್ತಿದ್ದ ರೈತನೊಬ್ಬ ಎತ್ತು ನಿಲ್ಲಿಸಿಯೇ ಕೇಳಿದನಂತೆ.

"ಸಾಹೇಬ್ರ, ಸೈಕಲ್ಲ ನಿಮ್ಮನ್ನ ಒಯ್ಯಬೇಕೋ, ನೀವ ಸೈಕಲ್ಲ ಒಯ್ಯಬೇಕೋ?"

"ಏರ ಅದನೋ ಮಾರಾಯಾ."

"ಎಲ್ಲೈತ್ರಿ ಏರ? ಬಾವ್ಯಾನ ನೀರ ನೀವ ಹೊಂಟ ಕಡೆನ ಹರದ ಹೊಂಟೇತಿ!"

"ಇಲ್ಲಿ ಇಲ್ಲ ಖರೆ. ಅಲ್ಲಿ ಅದ ಅಲ್ಲ?"

ರೈತ ಮತ್ತೆ ಎತ್ತು ಹೊಡೆದನಂತೆ.

ನನ್ನನ್ನೂ ಒಮ್ಮೆ ಇಂಗ್ಲೆಂಡಿಗೆ ಕರೆದೊಯ್ದರು. ಹದಿನೇಳನೆಯ ಸವಾರಿ: ಹಾಳುಬಿದ್ದ ಕೋಟೆ, ಇಬ್ಬರಿಗೆ ತಕ್ಕ ಒಂದು ದಿನದ ದಾರಿ. ಹಾಳುಬಿದ್ದ ಕೋಟೆ ಎಂದರೆ ನಮಗೆ ಕಿತ್ತೂರಲ್ಲದೆ ಇನ್ನೆಲ್ಲಿ? ರವಿವಾರ ನಸುಕಿನಲ್ಲಿ ಕ್ಯಾರಿಯರ್ ಮೇಲೆ ಕೂತೆ. ಕೈಯಲ್ಲಿ ಬುತ್ತಿಗಂಟು. ಆ ಸವಾರಿಗೆ ಎಷ್ಟು ಬಾಣಗಳು ಎಂದು ಮೊದಲೇ ಕೇಳಿಕೊಳ್ಳದ್ದು ನನ್ನದೇ ತಪ್ಪು. ಇಳಿ, ನಡೆ, ಕೂಡು. ಇಳಿ, ನಡೆ, ಕೂಡು. ಕೋಟೆ ಕಾಣುವ ಹೊತ್ತಿಗೆ ನನ್ನ ಹಿಮ್ಮಡಿ ಸುಲಿದಿತ್ತು.

"ರೀ, ಮನ್ಯಾಗ ಸೈಕಲ್ ಬಿಟ್ಟ ಬಂದಿದ್ರ ಅದಕ್ಕರೆ ದಣಿವ ತಪ್ಪತಿತ್ತಲ್ರಿ!" ಅಂದೆ.

ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿದ್ದ ಗೋಡೆಯ ಮೇಲೆ ಕೂತು ಜೋಳದ ಹೊಲಗಳನ್ನು ನೋಡುತ್ತ ತಮ್ಮ ಪ್ರವಾಸದ ವಹಿಯಲ್ಲಿ ಬರೆದರು: ನೋಟ ಉತ್ತಮ. ಜೋಡಿದಾರರು ಸಿಟ್ಟಿನಲ್ಲಿದ್ದಾರೆ.

ಆ ವಹಿಯೇ ಒಂದು ಪುರಾಣ. ದಿನವೂ ಮನೆಗೆ ಬಂದು, ಚಹಾ ಕುಡಿದು, ಅಂದಿನ ದಾರಿಯನ್ನು ಆ ಪುಸ್ತಕದ ಧಾಟಿಯಲ್ಲೇ ಕನ್ನಡದಲ್ಲಿ ಬರೆಯುವರು. ಬೇವಿನ ಮರದಿಂದ ಬಲಕ್ಕೆ. ನೀರು ಇದೆ. ನಾಯಿ ಇದೆ. ನೀಲಿ ಬಾಗಿಲ ಮನೆ, ಇಬ್ಬರಿಗೆ ಜ್ವರ. ಸವದತ್ತಿ ಕಡೆಯ ಒಬ್ಬ ಮುದುಕಿ ರೊಟ್ಟಿಯ ಜೊತೆ ಹಾಕಿದ ಕೆಂಪು ಖಾರಕ್ಕೆ ಮೂರು ಬಾಣ ಹಾಕಿದ್ದಾರೆ. ಇಡೀ ವಹಿಯಲ್ಲಿ ಅಷ್ಟು ದೊಡ್ಡ ಏರು ಮತ್ತೊಂದಿಲ್ಲ! ಪ್ರತಿ ಪುಟದ ಕೊನೆಯ ಸಾಲು ಮಾತ್ರ ಒಂದೇ: "ಕೊನೆಯ ನಿಲುಗಡೆ: ಮನೆ. ಚಹಾ ಉತ್ತಮ. ಜ್ವರ ಇಲ್ಲ."

ಯಾಕೆಂದರೆ ನಮ್ಮ ಮನೆಯೂ ಅವರ ಪಟ್ಟಿಯಲ್ಲಿತ್ತು. ನಮ್ಮ ಗೋಡೆಯ ಮೇಲೂ ಚೌಕವಿತ್ತು. ಹದಿನೈದು ದಿನಕ್ಕೊಮ್ಮೆ ಸರದಿ ಬಂದಾಗ ತಮ್ಮ ಮನೆಯ ಬಾಗಿಲನ್ನು ತಾವೇ ಬಡಿದು, ಹೊರಗೆ ನಿಂತು, ಕಟ್ಟಿಕೊಂಡ ಹೆಂಡತಿಯನ್ನು ಕೇಳುವರು: "ಬಾಯಾರ, ಮನ್ಯಾಗ ಯಾರಿಗರೆ ಜ್ವರ ಬಂದಾವೇನ್ರಿ?" ಮಿಕ್ಕ ದಿನ "ಏ" ಎಂದು ಕರೆಯುವವರ ಬಾಯಲ್ಲಿ ಅಂದು ನನಗೆ ಬಹುವಚನ! ನಾನೂ ಸೆರಗು ಹೊದ್ದು ಹೊರಗಿನವರಿಗೆ ಹೇಳುವಂತೆ "ಯಾರಿಗೂ ಇಲ್ರಿ" ಅನ್ನುತ್ತಿದ್ದೆ.

ಒಳಗಿಂದ ಅತ್ತೆಯವರು ಗೊಣಗುವರು: "ನಿನ್ನ ಮನಿ ಬಾಗ್ಲಾ ನೀನ ಬಡೀತೀಯಲ್ಲೋ, ಖೋಡಿ!"

"ಡ್ಯೂಟಿ ಅವ್ವಾ. ಬೆರಳ ಕೊಡು, ನಿನ್ನದೂ ಒಂದ ಹನಿ ತಗೋತೀನಿ."

"ನನ್ನ ರಕ್ತಾ ಆ ಗಾಜಿನ ಮ್ಯಾಲ? ಸತ್ತರೂ ಇಲ್ಲ. ಊರ ಮಂದಿ ರಕ್ತಾ ಮುಟ್ಟಿ ಬಂದೀ, ಮೊದಲ ಬಚ್ಚಲಕ್ಕ ನಡಿ."

ಅವರು ನಗುತ್ತ ಗೋಡೆಗೆ ಸಹಿ ಹಾಕಿ, ಹಿತ್ತಲಿನಿಂದ ಬಚ್ಚಲಿಗೆ ಹೋಗಿ, ತಣ್ಣೀರು ಸುರಿದುಕೊಂಡೇ ಒಳಗೆ ಬರುವರು. ಮದುವೆಯಾದಾಗಿನಿಂದ ಇದೇ ಆಟ ನಡೆದಿತ್ತು.

ಆ ಬುಧವಾರವೂ ನಮ್ಮ ಮನೆಯ ಸರದಿಯಿತ್ತು.

ಸೈಕಲ್ ಗೋಡೆಗೆ ಆನಿಸಿದರು. ಬಾಗಿಲು ತೆರೆದೇ ಇತ್ತು, ಆದರೂ ಬಡಿದರು. ಕಣ್ಣು ಕೆಂಪಗಿದ್ದವು; ಬಿಸಿಲಿನದು ಎಂದುಕೊಂಡೆ.

"ಬಾಯಾರ, ಮನ್ಯಾಗ ಯಾರಿಗರೆ ಜ್ವರ ಬಂದಾವೇನ್ರಿ?"

ಟೇಲರನ ಮಾತು ಇನ್ನೂ ಓಣಿಯಲ್ಲಿತ್ತು. ನನಗೂ ಒಂದು ಚೇಷ್ಟೆ ಹೊಳೆಯಿತು.

"ಮನ್ಯಾಗ ಯಾರಿಗೂ ಇಲ್ರಿ. ನಿಮ್ಮ ಸೈಕಲ್ಲಿಗೆ ಬಂದಿರಬೇಕ ನೋಡ್ರಿ, ನೂಕ್ಕೊಂತ ತಂದೀರಿ!"

ಓಣಿ ಮತ್ತೆ ನಕ್ಕಿತು. ಅವರೂ ನಕ್ಕರು. ಆದರೆ ಕೂಡಲೇ ಗೋಡೆಯ ಕಡೆ ತಿರುಗಲಿಲ್ಲ. ನನ್ನ ಮುಖ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಇನ್ನೊಂದು ಉತ್ತರಕ್ಕೆ ಕಾದಿದ್ದರೇ? ಆಗ ನನಗೆ ಹಾಗೆ ಅನಿಸಲಿಲ್ಲ. ಒಲೆಯ ಮೇಲೆ ಚಹಾ ಇತ್ತು, ನಾನು ಒಳಗೆ ಹೋದೆ. ಅವರು ಸಹಿ ಹಾಕಿ ಬಚ್ಚಲಿಗೆ ಹೋದರು.

ಮಿಂದು ಬಂದು ನಡುಗುತ್ತಿದ್ದರು. "ನೀರ ಭಾಳ ತಣ್ಣಗ ಇದ್ದುವು" ಅಂದರು. ಚಹಾ ಕುಡಿದು, ವಹಿ ಬರೆದು, ಕಂಬಳಿ ಹೊದ್ದು ಮಲಗಿದರು. ಬೆಳಗಾಗುವಷ್ಟರಲ್ಲಿ ಮೈ ಕಾದ ಹಂಚಾಗಿತ್ತು, ಮಾತು ತಪ್ಪಿತ್ತು. "ಎಡಕ್ಕ ಹೊರಳು. ಇಳೀಬ್ಯಾಡ, ನಾ ನೂಕತೀನಿ. ನೋಟ ಛಲೋ ಅದ" ಅನ್ನುತ್ತಿದ್ದರು. ಯಾವ ದಾರಿಯಲ್ಲಿದ್ದರೋ. ಬೆಳಗಾವಿಗೆ ಒಯ್ದೆವು. ಜ್ವರ ಮಿದುಳಿಗೆ ಏರಿದೆ, ತಡವಾಯಿತು ಅಂದರು ಡಾಕ್ಟರು. ಶುಕ್ರವಾರ ಮಧ್ಯಾಹ್ನ ಇವರು ಹೋದರು.

ಟೇಲರ್ ಬಂದು ಬಾಗಿಲಲ್ಲಿ ನಿಂತ. "ಏರ ಇಲ್ಲದಲ್ಲೆ ಇಳದಾರ ಅಂತ ನಾ ನಕ್ಕೇನ್ರಿ ಅಕ್ಕಾರ" ಅಂದು ತನ್ನ ಕಟ್ಟೆಗೆ ಹೋದ. ನಾನೂ ನಕ್ಕಿದ್ದೆ. ಬೇರೆ ಯಾರೇ ಸಪಾಟು ದಾರಿಯಲ್ಲಿ ಸೈಕಲ್ ನೂಕಿಕೊಂಡು ಬಂದಿದ್ದರೆ "ಯಾಕ, ಆರಾಮಿಲ್ಲೇನು?" ಎಂದು ಯಾರಾದರೂ ಕೇಳುತ್ತಿದ್ದರು. ಇವರು ಮುರಗೋಡದ ದಾರಿಯಿಂದ ಮನೆಯವರೆಗೆ ಎಷ್ಟು ಜನರ ಮುಂದೆ ಹಾಗೆ ನೂಕಿಕೊಂಡು ಬಂದರೋ. ಎಲ್ಲರೂ ಬಾಣ ಎಂದುಕೊಂಡರು.

ಹದಿನೈದು ದಿನಕ್ಕೆ ಸರಿಯಾಗಿ ಅವರ ಜಾಗಕ್ಕೆ ಬಂದ ಹೊಸಬರು ಬಾಗಿಲು ಬಡಿದು ಅದೇ ಪ್ರಶ್ನೆ ಕೇಳಿದರು. ನಾನು ಎಂದಿನಂತೆ ಸೆರಗು ಹೊದ್ದೆ. ಅಷ್ಟರಲ್ಲಿ ಅತ್ತೆಯವರು ಗೋಡೆ ಹಿಡಿದುಕೊಂಡು ಹೊರಗೆ ಬಂದು ಕೈ ಮುಂದೆ ಚಾಚಿದರು.

"ನನಗ ಜ್ವರ ಇಲ್ಲಪಾ. ಆದ್ರೂ ತಗೋ. ನನ್ನ ಮಗಾ ಎಷ್ಟ ಸಲಾ ಕೇಳಿದ್ದ, ನಾ ಕೊಡಲಿಲ್ಲ."

ಹೊಸಬರು ನನ್ನ ಮುಖ ನೋಡಿದರು. ಆಮೇಲೆ ಆ ಮುದಿ ಬೆರಳು ಚುಚ್ಚಿ ಒಂದು ಹನಿ ತೆಗೆದುಕೊಂಡರು. ಅಂದು ಅತ್ತೆಯವರು ಬಚ್ಚಲಿಗೆ ಹೋಗಲಿಲ್ಲ. ಆ ಬೆರಳನ್ನು ಸಂಜೆಯವರೆಗೂ ಮುಚ್ಚಿ ಹಿಡಿದುಕೊಂಡು ಕೂತಿದ್ದರು.

ನಾನು ವಹಿ ತೆಗೆದೆ. ಬುಧವಾರದ ಪುಟದಲ್ಲಿ ಅಕ್ಷರ ಸೊಟ್ಟಗಿದ್ದರೂ ದಾರಿಯೆಲ್ಲ ಸರಿಯಾಗಿದೆ. ಮಠದಿಂದ ಎಡಕ್ಕೆ. ನೀರು ಇದೆ. ಕೊಟ್ಟಿಗೆಯ ಪಕ್ಕದ ಮನೆ, ಒಂದು ಕೂಸಿಗೆ ಜ್ವರ. ಕೆಳಗೆ ನಮ್ಮ ಓಣಿಯ ಹೆಸರು ಬರೆದು, ಅಂಗೈಯಷ್ಟು ಸಪಾಟಾದ ಆ ಓಣಿಗೆ ಎರಡು ಬಾಣ ಹಾಕಿದ್ದಾರೆ. ಅದರ ಕೆಳಗೆ ಎಂದಿನ ಸಾಲು: "ಕೊನೆಯ ನಿಲುಗಡೆ: ಮನೆ. ಚಹಾ ಉತ್ತಮ. ಜ್ವರ" ಎಂದಷ್ಟೇ ಇದೆ.

ಮುಂದಿನ ಪದ ಇಲ್ಲ.